ಹುಗ್ಗಿಯ ಒಲೆ ಬಿಟ್ಟುಕೊಡುವಾಗ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಭಾನುವಾರ ಅಲ್ಲಿ ಉಣ್ಣಲು ಇನ್ನೂರು ಜನ ಬರುತ್ತಾರೆ. ಉಂಡ ಮೇಲೆ ಉಪದೇಶ ಕೇಳಲು ಕೂರುವವರು ಇಪ್ಪತ್ತು ಜನ ಇದ್ದರೆ ಹೆಚ್ಚು. ಮಠದ ಸ್ವಾಮಿಗಳಾದ ಅಜ್ಜಾರಿಗೆ ಅದರಿಂದ ಬೇಸರವೇನೂ ಇಲ್ಲ.

ಶಿವಲೀಲಾ ಆ ಇಪ್ಪತ್ತರಲ್ಲಿ ಒಬ್ಬಳು. ವಾರವೆಲ್ಲ ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಗಿರಾಕಿಗಳ ದೂರು ಬರೆದುಕೊಳ್ಳುವ ಕೆಲಸ. ಭಾನುವಾರ ಮಠದಲ್ಲಿ ಗೋಧಿ ಹುಗ್ಗಿ ಮಾಡುವ ಸೇವೆ. ಎರಡಕ್ಕೂ ನಾಲ್ಕು ವರ್ಷ ತುಂಬಿತ್ತು.

ಒಂದು ಭಾನುವಾರ ಒಲೆ ಹಚ್ಚುವ ಮೊದಲೇ ಅವಳು ಅಜ್ಜಾರ ಮುಂದೆ ಬಂದು ಕೂತಳು.

"ಅಜ್ಜಾರ, ದೊಡ್ಡ ಕಂಪನಿಯೊಂದು ಕೆಲಸಕ್ಕ ಕರದೈತಿ. ನಾಳೆ ಸಂಜಿಯೊಳಗ ಹೂಂ ಅನ್ನಬೇಕು, ಇಲ್ಲಾ ಒಲ್ಲೆ ಅನ್ನಬೇಕು."

"ಅಲ್ಲಿ ಕೆಲಸ ಏನು?"

"ಕೆಲಸ ಈಗ ಮಾಡೋವಂಥಾದ್ದ. ಹೆಸರು ದೊಡ್ಡದು."

"ಹೆಸರು ತಗೊಂಡು ಏನು ಮಾಡ್ತಿ?"

ಅವಳು ಮುಚ್ಚಿಡಲಿಲ್ಲ. ಬರುವ ವರ್ಷ ಎಂಬಿಎಗೆ ಅರ್ಜಿ ಹಾಕಬೇಕು. ಒಂದು ಸಲ ಮಾತ್ರ ಪ್ರಯತ್ನಿಸಲು ಮನೆಯಲ್ಲಿ ಒಪ್ಪಿದ್ದಾರೆ, ಸೀಟು ಸಿಗದಿದ್ದರೆ ಮದುವೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ನೀವು ಕೆಲಸ ಮಾಡಿದ ಕಡೆ ನಿಮ್ಮಿಂದ ಏನು ಬದಲಾಯಿತು? ಎರಡು ತಿಂಗಳಿಂದ ಕರಡು ಬರೆಯುತ್ತ ಆ ಜಾಗ ಮಾತ್ರ ಖಾಲಿ ಬಿಟ್ಟುಕೊಂಡು ಕೂತಿದ್ದಳು.

"ದೊಡ್ಡ ಹೆಸರಿದ್ರ ಆ ಖಾಲಿ ಜಾಗ ಅಷ್ಟು ಎದ್ದು ಕಾಣಂಗಿಲ್ಲ ಅಜ್ಜಾರ. ನನಗ ಹೆದರಿಕಿ ಆಗೇತಿ."

ಅಜ್ಜಾರು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಇವತ್ತಿಂದ ನಿನಗ ಹುಗ್ಗಿ ಬ್ಯಾಡ. ತ್ವಾಟದ ಸೇವಾಕ್ಕ ಹೋಗು. ಒಲಿ ಫಕೀರಪ್ಪ ನೋಡ್ಕೋತಾನ," ಅಂದರು.

ಫಕೀರಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮಠಕ್ಕೆ ಬಂದು ಒಂದು ವಾರವಾಗಿತ್ತು. ಮನೆಯಲ್ಲಿ ಚಹಾ ಕೂಡ ಕಾಸಿದವನಲ್ಲ, ಅದನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಶಿವಲೀಲಾಳಿಗೆ ನೋವಾಯಿತು. ನನ್ನಿಂದ ಏನು ತಪ್ಪಾಯಿತು ಎಂದುಕೊಳ್ಳುತ್ತ ಎದ್ದಳು.

"ಅವಗ ಹೇಳಿಕೊಟ್ಟು ಹೋಗು ಮತ್ತ," ಅಂದರು ಅಜ್ಜಾರು.

ಹೇಳಿಕೊಡತೊಡಗಿದಳು. ಹೊಳೆ ಕಡೆಯ ಒಲೆಗೆ ಗಾಳಿ ಹೊಡೆಯುತ್ತದೆ, ತಗಡು ಅಡ್ಡ ಇಡಬೇಕು. ಕೊಪ್ಪರಿಗೆಯ ಎಡಗಡೆ ತೆಳ್ಳಗಾಗಿದೆ, ಅಲ್ಲೇ ಮೊದಲು ತಳ ಹಿಡಿಯುವುದು. ಗೋಧಿ ಪೂರಾ ಬೆಂದ ಮೇಲೆಯೇ ಬೆಲ್ಲ. ಮೊದಲ ವರ್ಷ ಅವಳು ಬೆಲ್ಲ ಮುಂಚೆ ಹಾಕಿ ಇನ್ನೂರು ಜನಕ್ಕೆ ಗಟ್ಟಿ ಕಾಳು ಉಣ್ಣಿಸಿದ್ದಳು. ಪಂಕ್ತಿಯ ಕೊನೆಗೆ ಕೂರುವ ಮುದುಕಿಯರಿಗೆ ಹಲ್ಲಿಲ್ಲ, ಅವರದನ್ನು ಬೇರೆ ತೆಗೆದು ಇನ್ನಷ್ಟು ಕುದಿಸಬೇಕು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಸ್ವಲ್ಪ ನಿಂದ್ರವಾ, ಪೆನ್ ತರ್ತೀನಿ," ಅಂದ ಫಕೀರಪ್ಪ.

ಬರೆದು ಬರೆದು ಅವನ ಬೆರಳು ನೊಂದವು. ಹುಗ್ಗಿ ಇಳಿಸುವ ಹೊತ್ತಿಗೂ ಅವಳ ಮಾತು ಮುಗಿದಿರಲಿಲ್ಲ. ತೋಟದ ಕಡೆ ಅವಳು ಹೋಗಲೇ ಇಲ್ಲ.

ಊಟ ಮುಗಿದು ಜನ ಚದುರಿದರು. ಅಜ್ಜಾರು ಅವಳನ್ನು ಕರೆದರು.

"ಕಾರ್ಖಾನಿಯೊಳಗ ನಿನ್ನ ಕುರ್ಚಿಗೆ ನಾಳೆ ಒಬ್ಬ ಫಕೀರಪ್ಪ ಬಂದ ಅಂತ ತಿಳಿ. ಅವಗ ಏನು ಹೇಳಿಕೊಡ್ತಿ?"

"ಫೋನ್ ಬಂದ್ರ ಎತ್ತು. ದೂರು ಬರಕೋ. ಮ್ಯಾಲಿನ ಮಹಡಿಗೆ ಕಳಸು."

"ಆಮ್ಯಾಲೆ?"

"ಅಷ್ಟ."

"ಯಾವ ಪಂಪು ಪದೇ ಪದೇ ಕೆಡತೈತಿ?"

ಅವಳು ಯೋಚಿಸಿದಳು. "ಹಂಗ ನಾ ಎಂದೂ ನೋಡಿಲ್ಲ ಅಜ್ಜಾರ."

"ಯಾಕ ಕೆಡತೈತಿ?"

ನಾಲ್ಕು ವರ್ಷದ ದೂರುಗಳೆಲ್ಲ ಅವಳ ಕೈ ದಾಟಿಯೇ ಮೇಲೆ ಹೋಗಿದ್ದವು. ನಾಚಿಕೆಯಾಯಿತು. ಅತ್ತ ಫಕೀರಪ್ಪ ಕೊಪ್ಪರಿಗೆಯ ಎಡಗಡೆ ತಳ ಉಜ್ಜುತ್ತಿದ್ದ.

ಅವನನ್ನೇ ನೋಡುತ್ತ ಶಿವಲೀಲಾ ಕೇಳಿದಳು. "ಹಂಗಾದ್ರ ನಾಳೆ ಆ ಕಂಪನಿಯವರಿಗೆ ಏನು ಹೇಳಲಿ? ಈ ಕೆಲಸ ಬಿಟ್ಟು ಬರ್ತೀನಿ ಅನ್ನಲೋ, ಬ್ಯಾಡೋ?"

ಅಜ್ಜಾರು ಅವಳ ಕೈಚೀಲ ಎತ್ತಿ ಅವಳಿಗೆ ಕೊಟ್ಟರು. ಹುಬ್ಬಳ್ಳಿ ಬಸ್ಸಿನ ಹೊತ್ತಾಗಿತ್ತು.

"ಬಿಡೋದು ಹೆಂಗ, ತಂಗಿ? ನೀ ಇನ್ನೂ ಈ ಕೆಲಸಕ್ಕ ಸೇರೇ ಇಲ್ಲ."