ಹಲಗೆಯಾಚೆಗೆ ಹೋದ ನೀರು

ಈ ಕತೆಯನ್ನು ಮೊದಲು ಹೇಳಿದವರು ನಮಗೆ ಅರ್ಥಶಾಸ್ತ್ರ ಕಲಿಸಿದ ಶಾಂತವೀರಮ್ಮ ಮೇಡಂ. ಅವರು ಕೇಳಿದ್ದು ಅವರ ಅಜ್ಜನಿಂದಂತೆ.

ಶಿಷ್ಯ ಕೇಳಿದ: “ಗುರುಗಳೇ, ಹೊಸದನ್ನು ಹುಡುಕುವವನಿಗೆ ಸೀಮೆ ಕೊಟ್ಟ ನೆರವು ಸೀಮೆಗೆ ದಕ್ಕಿತೋ ಇಲ್ಲವೋ, ಲೆಕ್ಕ ಹಾಕಿ ತಿಳಿಯಬಹುದೇ?”

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಕಡಿಮೆ ಸೌದೆಯಲ್ಲಿ ಗಡಿಗೆ ಸುಡುವ ಆವಿಗೆ ಕಟ್ಟಬೇಕೆಂಬುದು ಅವನ ಹಟ. ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು. ಅವನ ಮನೆಯ ಒಲೆ ಆರದಿರಲೆಂದು ಸೀಮೆಯ ಒಡೆಯ ಕಣಜದಿಂದ ರಾಗಿ ಕೊಡಿಸುತ್ತಿದ್ದ. ಆವಿಗೆಯೇನೋ ಗೆದ್ದಿತು. ಕುಂಬಾರ ಇನ್ನೊಂದು ಹೊಸದರ ಹಿಂದೆ ಬಿದ್ದ. ಒಡೆಯನಿಗೆ ಅನುಮಾನ ಹುಟ್ಟಿತು. ಇದರಿಂದ ಸೀಮೆಗೆ ಬಂದದ್ದೇನು? ಏನೂ ಇಲ್ಲವೆಂದಾದರೆ ರಾಗಿ ನಿಲ್ಲಿಸುವುದೆಂದು ಕರಣಿಕನನ್ನು ಕರೆಸಿದ.

ಕರಣಿಕ ಬಾಯಿಮಾತು ನಂಬುವವನಲ್ಲ. ಎರಡು ಹಲಗೆ ತಂದು, ಎರಡರ ಮೇಲೂ ಸೀಮೆಯನ್ನೇ ಇಳಿಸಿದ. ಕಸುಬಿಗೊಂದು ಕುಡಿಕೆ, ಕುಡಿಕೆಯಿಂದ ಕುಡಿಕೆಗೆ ಬಿದಿರಿನ ಕೊಳವೆ. ಒಂದು, ರಾಗಿ ಕೊಟ್ಟ ಸೀಮೆ. ಇನ್ನೊಂದು, ಕೊಡದಿದ್ದರೆ ಹೇಗಿರುತ್ತಿತ್ತೋ ಆ ಸೀಮೆ. ಎರಡಕ್ಕೂ ಸಮನಾಗಿ ನೀರು ಹೊಯ್ದು, ಮೊದಲನೆಯದರಲ್ಲಿ ಕುಂಬಾರನ ಕುಡಿಕೆಗೆ ಮಾತ್ರ ಇನ್ನೊಂದು ತಂಬಿಗೆ ಸುರಿದ. ನೀರು ಹರಿದಾಡಿ ನಿಂತಿತು. ಎರಡು ಹಲಗೆಯಲ್ಲೂ ಒಂದೇ ಮಟ್ಟ.

ಬಾಗಿಲಲ್ಲಿ ಕುಂಬಾರನೂ ಖಾಲಿ ಚೀಲ ಹಿಡಿದ ಅವನ ಹೆಂಡತಿಯೂ ನಿಂತಿದ್ದರು. “ಏನೂ ಬಂದಿಲ್ಲ” ಎನ್ನಲು ಹೊರಟ ಕರಣಿಕ ತಡೆದು ನಿಂತ. ಹಾಗಾದರೆ ಆ ಒಂದು ತಂಬಿಗೆ ಎಲ್ಲಿ ಹೋಯಿತು? ಬಗ್ಗಿ ನೋಡಿದ. ಮೊದಲ ಹಲಗೆಯ ಪಕ್ಕದ ನೆಲ ಒದ್ದೆಯಾಗಿತ್ತು. ಅವನ ಹಲಗೆ ಸೀಮೆಯ ಗಡಿಗೇ ಮುಗಿದಿತ್ತು. ಕುಂಬಾರನ ಕುಡಿಕೆಯಿಂದ ಗಡಿ ದಾಟಿದ ಕೊಳವೆಯ ತುದಿಗೆ ಅವನು ಕುಡಿಕೆಯನ್ನೇ ಇಟ್ಟಿರಲಿಲ್ಲ.

ಒಡೆಯ ಕುಂಬಾರನತ್ತ ತಿರುಗಿದ. “ಏನಯ್ಯಾ, ನನ್ನ ರಾಗಿ ತಿಂದು ಪಕ್ಕದ ಸೀಮೆಯವರಿಗೆ ಆವಿಗೆ ಕಲಿಸಿದೆಯಾ?”

“ಕಲಿಸಿದೆ ಬುದ್ಧೀ. ನಮ್ಮವರಿಗೆ ಮಗ್ಗ ಹೂಡುವುದನ್ನು ಕಲಿಸಿದವರು ಅವರೇ ಅಲ್ಲವೇ? ಮನೆಬಾಗಿಲಿಗೆ ಬಂದಾಗ ಬರಿಗೈಲಿ ಹೇಗೆ ಕಳಿಸಲಿ?”

ಒಡೆಯ ತಾನು ಉಟ್ಟ ಪಂಚೆಯನ್ನು ಒಮ್ಮೆ ನೋಡಿಕೊಂಡ. “ಆಕೆಯ ಚೀಲ ತುಂಬಿಸಿ” ಎಂದ. ಕರಣಿಕ ಇನ್ನೂ ಅಗಲದ ಹಲಗೆ ಹುಡುಕಲು ಹೋದ.

ಶಿಷ್ಯ ನಕ್ಕ. “ಅಂತೂ ಹಲಗೆ, ಕುಡಿಕೆ, ಕೊಳವೆ ಎಲ್ಲ ದಂಡವೆನ್ನಿ.”

“ಹಲಗೆಯೇ ಇಲ್ಲದಿದ್ದರೆ, ನೆಲ ಒದ್ದೆಯಾದದ್ದು ಯಾರಿಗೆ ಕಾಣುತ್ತಿತ್ತಪ್ಪಾ?” ಎಂದರು ಗುರುಗಳು.

ಲೆಕ್ಕವನ್ನು ನಂಬುವವರು ಸಿಕ್ಕರೂ ಸರಿ, ನಂಬದವರು ಸಿಕ್ಕರೂ ಸರಿ, ಇದನ್ನು ಅವರಿಗೆ ದಾಟಿಸಿ.