ದುರ್ಬೀನಿಗೆ ಕಂಡ ಮಂಜು

ಅಮೆರಿಕದ ಯೆಲ್ಲೋಸ್ಟೋನ್ ಕಾಡಿನಲ್ಲಿ ಡೇರೆ ಹಾಕಿದ್ದ ವೃಷಭೇಂದ್ರಯ್ಯನವರ ಕೊರಳಲ್ಲಿ ಒಂದು ದುರ್ಬೀನು ನೇತಾಡುತ್ತಿತ್ತು. ಡೇರೆ ಕೀಳುವ ದಿನ ಬಂದರೂ ಅದಕ್ಕೆ ಒಂದು ತೋಳವೂ ಕಂಡಿರಲಿಲ್ಲ. ತೋಳ ನೋಡದೆ ಊರಿಗೆ ಹೋದರೆ ದುರ್ಬೀನಿನ ಮಾನ ಉಳಿದೀತೆ? ಬೆಳಗಿನಿಂದ ಅದು ಯಜಮಾನರನ್ನು ಗುಡ್ಡದಿಂದ ಗುಡ್ಡಕ್ಕೆ ಓಡಿಸಿ, ಏದುಸಿರು ಬಿಡಿಸಿ, ಮತ್ತೆ ಡೇರೆಯ ಮುಂದೆ ತಂದು ನಿಲ್ಲಿಸಿತ್ತು.

"ಸ್ವಲ್ಪ ಕೂತುಕೊಳ್ಳಿ," ಎಂದಿತು ಮಡಚುವ ಕುರ್ಚಿ.

"ಕೂತವನ ಬಾಗಿಲಿಗೆ ತೋಳ ಬರುತ್ತದೇನಯ್ಯಾ, ಸೋಮಾರಿ?" ಎಂದು ದುರ್ಬೀನು ಯಜಮಾನರ ಕಣ್ಣಿಗೇರಿತು.

ಸರಿಯಾಗಿ ಅದೇ ಹೊತ್ತಿಗೆ ಪೊದೆಯಿಂದ ತೋಳವೊಂದು ಹೊರಬಂದು, ಕುರ್ಚಿಯ ಕಾಲು ಮೂಸಿ, ಎದುರಿಗೇ ನಿಂತುಬಿಟ್ಟಿತು.

ಕುರ್ಚಿ ಪಿಸುಗುಟ್ಟಿತು: "ಅಣ್ಣಾ, ಇಲ್ಲೇ ಇದೆ! ಯಜಮಾನರ ಕಣ್ಣಿನಿಂದ ಕೆಳಗಿಳಿ!"

ದೂರವನ್ನಷ್ಟೇ ಬಲ್ಲ ದುರ್ಬೀನಿಗೆ ಕಂಡದ್ದು ಬರೀ ಬೂದು ಮಬ್ಬು. "ಥೂ, ಹಾಳು ಮಂಜು ಕವಿಯಿತಲ್ಲಪ್ಪ! ಇಲ್ಲಿ ನಿಂತರೆ ಕೆಲಸ ಕೆಟ್ಟಿತು," ಎಂದು ಗೊಣಗಿ, ಯಜಮಾನರನ್ನು ತಿರುಗಿಸಿ ಆಚೆ ಗುಡ್ಡಕ್ಕೆ ಹೊರಡಿಸಿಯೇ ಬಿಟ್ಟಿತು.

ತೋಳ ಅವರ ಬೆನ್ನನ್ನೇ ನೋಡುತ್ತ ಕುರ್ಚಿಯನ್ನು ಕೇಳಿತು: "ಪಾಪ, ಇಷ್ಟು ಅವಸರದಲ್ಲಿ ಯಾರನ್ನು ಹುಡುಕಿಕೊಂಡು ಹೊರಟರು?"