ಮಗಳ ಇಳಿಜಾರು

ಹಿಮಾಲಯದಲ್ಲಿ ಸ್ಕೀಯಿಂಗ್ ಎಂದೊಡನೆ ಜನ ಹೇಳುವ ಊರುಗಳಲ್ಲಿ ದುನ್ಸಾರ್ ಇಲ್ಲ. ಇಲ್ಲಿರುವುದು ಸ್ಕೀ ಕಟ್ಟಿದವರನ್ನು ಮೇಲಕ್ಕೆಳೆಯುವ, ಮನಸ್ಸು ಬಂದಾಗ ಮಾತ್ರ ಓಡುವ ಒಂದು ಹಗ್ಗದ ಯಂತ್ರ, ಊರಿನ ಬೆನ್ನಿಗೆ ಮೂರು ಇಳಿಜಾರು. ಎಡಬಲದ ಎರಡರಲ್ಲಿ ಮಾರ್ಚ್ ಮುಗಿಯುವ ಮೊದಲೇ ಕಲ್ಲು ಇಣುಕುತ್ತದೆ. ನಡುವಿನದು ಮಾತ್ರ ಏಪ್ರಿಲ್ ಕೊನೆಯವರೆಗೂ ಒಣ ಹಿಟ್ಟಿನಂಥ ಹಿಮ ಹೊದ್ದಿರುತ್ತದೆ. ಮೇಲೆ ಕಡಿದಾಗಿದೆ, ಅರ್ಧದಲ್ಲಿ ಒಂದು ಸಮತಟ್ಟು, ಆಮೇಲೆ ಊರಿನವರೆಗೂ ಸಲೀಸು. ಉತ್ತರಕ್ಕೆ ಮುಖ ಮಾಡಿರುವುದರಿಂದ ಹಿಮ ನಿಲ್ಲುತ್ತದೆ ಎಂದು ಸ್ಕೀ ಕಲಿಸುವವರು ವಿವರಿಸುತ್ತಾರೆ. ಹಿರಿಯರು ತಲೆಯಾಡಿಸಿ, ಅದೂ ಇರಬಹುದು, ಆದರೆ ಮಗಳ ಇಳಿಜಾರಿಗೆ ನಾವು ಬೂದಿ ಹಾಕುವುದಿಲ್ಲವಲ್ಲ ಎನ್ನುತ್ತಾರೆ.

ಈ ಸೀಮೆಯ ಬೇಸಿಗೆ ಬಲು ಗಿಡ್ಡ. ಹಿಮ ತಾನಾಗಿ ಕರಗಲಿ ಎಂದು ಕೂತರೆ ಬಿತ್ತನೆಯ ಕಾಲ ತಪ್ಪುತ್ತದೆ. ಹಾಗಾಗಿ ಹೆಂಗಸರು ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ಹೊತ್ತು ಹೊಲದ ಹಿಮದ ಮೇಲೆ ಚೆಲ್ಲುತ್ತಾರೆ. ಕಪ್ಪು ಬಿದ್ದಲ್ಲಿ ಬಿಸಿಲು ಹಿಡಿದು ಹಿಮ ಬೇಗ ಕರಗುತ್ತದೆ. ಹಿಂದೆ ಒಮ್ಮೆ, ಸ್ಕೀ ಎಂಬ ಮಾತೇ ಕಣಿವೆಗೆ ಬಾರದಿದ್ದ ಕಾಲದಲ್ಲಿ, ಯಂಗ್‌ಜೋಮ್ ಎಂಬ ವಿಧವೆ ಇಲ್ಲಿದ್ದಳು. ಒಬ್ಬಳೇ ಮಗಳು ಪಲ್ಮೋಳನ್ನು ಬೆಟ್ಟದ ನೆತ್ತಿಯ ಆಚೆ ಕೊಟ್ಟಿದ್ದಳು. ಪಲ್ಮೋ ಹೆತ್ತ ಎರಡು ಕೂಸುಗಳೂ ಉಳಿದಿರಲಿಲ್ಲ. ಮತ್ತೆ ಬಸುರಾದಾಗ ಅವಳು, ಈ ಸಲ ಅಮ್ಮನ ಕೈಯಲ್ಲೇ ಹೆರುತ್ತೇನೆ, ಹಿಮ ಕರಗಿದೊಡನೆ ಬರುತ್ತೇನೆ ಎಂದು ಹೇಳಿಕಳಿಸಿದಳು. ದಾರಿಯೆಂದರೆ ಈ ನಡುವಿನ ಇಳಿಜಾರೇ. ಆ ವರ್ಷ ಹಿಮವೋ ಮೊಂಡು ಹಿಡಿದು ಕೂತಿತ್ತು. ತಾಯಿ ಸುಮ್ಮನೆ ಕೂರುವುದು ಹೇಗೆ? ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ. ತನ್ನ ಹೊಲವನ್ನೂ ಬಿಟ್ಟು, ನೆರೆಮನೆಗಳಿಂದಲೂ ಬೂದಿ ಬೇಡಿ ತಂದು, ಸಮತಟ್ಟಿನವರೆಗೆ ಇಳಿಜಾರಿನ ಮೈಗೆಲ್ಲ ಚೆಲ್ಲಿದಳು.

ಆದರೆ ನೋವು ದಿನಕ್ಕೆ ಮೊದಲೇ ಕಾಣಿಸಿತು. ಗಂಡ ಅಂಗ್ರುಪ್ ಪಲ್ಮೋಳಿಗೆ ಕಂಬಳಿ ಸುತ್ತಿ, ಮರದ ಜಾರುಬಂಡಿಯಲ್ಲಿ ಕೂರಿಸಿ, ನೆತ್ತಿ ದಾಟಿಸಿದ. ಸಮತಟ್ಟಿನವರೆಗೆ ಬಂಡಿ ಸರಾಗವಾಗಿ ಬಂತು. ಅಲ್ಲಿಂದ ಕೆಳಗೆ ಬೂದಿ ಬಿದ್ದ ಹಿಮ ಗಂಜಿಯಾಗಿತ್ತು. ಕಾಲಿಟ್ಟ ಅಂಗ್ರುಪ್ ಸೊಂಟದವರೆಗೆ ಹೂತುಹೋದ. ಕೆಳಗಿನಿಂದ ನೋಡುತ್ತಿದ್ದ ಯಂಗ್‌ಜೋಮ್ ಕುಸಿದು ಕೂತಳು.

"ನನ್ನ ಕೈಯಾರೆ ಮಗಳ ದಾರಿ ಮುಚ್ಚಿಬಿಟ್ಟೆನಲ್ಲೇ."

"ಅಳೋದು ಆಮೇಲೆ. ಬುಟ್ಟಿ ತಾ," ಎಂದಳು ನೆರೆಮನೆಯ ಮುದುಕಿ ಛಿಮೆ. "ಬೂದಿ ಹೊತ್ತ ಬುಟ್ಟೀಲಿ ಹಿಮಾನೂ ಹೊರಬಹುದು."

ಊರಿನ ಹೆಂಗಸರೆಲ್ಲ ಬಂಡೆಗಳ ನೆರಳಿನಿಂದ ಬಿಳಿ ಹಿಮ ಹೊತ್ತು ತಂದರು. ಬುಡದಿಂದ ಸುರಿಯುತ್ತ, ರೊಟ್ಟಿ ತಟ್ಟುವ ಹಾಗೆ ತಟ್ಟುತ್ತ, ತಟ್ಟಿದ್ದರ ಮೇಲೇ ಕಾಲೂರಿ ಮೇಲೇರಿದರು. ಬಿಸಿಲು ಇಳಿದು ಚಳಿ ಕಚ್ಚುವ ಹೊತ್ತಿಗೆ ಬಂಡಿಯಗಲದ ಗಟ್ಟಿ ದಾರಿ ಸಮತಟ್ಟನ್ನು ಮುಟ್ಟಿತು. ಪಲ್ಮೋ ಅದರ ಮೇಲೆ ಜಾರಿ ನೇರ ತಾಯಿಯ ಬಳಿಗೆ ಬಂದಳು. "ಬಂದೆಯಾ ಮಗಳೇ?" ಎಂದಳು ಯಂಗ್‌ಜೋಮ್. ಮರುದಿನ ಅವಳ ಕೈಗೇ ಹುಟ್ಟಿದ ಹೆಣ್ಣುಕೂಸು ಉಳಿಯಿತು. ಈಗ ಅರ್ಧ ಊರು ಅದರ ಸಂತತಿಯೇ ಎನ್ನುತ್ತಾರೆ.

ಇಂದಿಗೂ ಬೂದಿ ಹೊತ್ತ ಹೆಂಗಸರು ಈ ಇಳಿಜಾರಿನ ಬಳಿ ಬುಟ್ಟಿಗೆ ಶಾಲು ಮುಚ್ಚಿಕೊಂಡು ದಾಟುವುದನ್ನು ಬಂದವರು ನೋಡಬಹುದು. ಬುಡದಲ್ಲಿ ಒಂದು ಚಹಾ ಅಂಗಡಿಯಿದೆ. ಸ್ಕೀ ಕಟ್ಟಿಕೊಂಡು ಇಳಿದವರು ಯಾರೇ ಇರಲಿ, ಪೊದೆಮೀಸೆಯ ಗಂಡಸೇ ಆಗಲಿ, ಅಲ್ಲಿನ ಅಜ್ಜಿ ಕೇಳುವುದು ಒಂದೇ: "ಬಂದೆಯಾ ಮಗಳೇ?" ನಾನು ಇಳಿದಾಗಲೂ ಹಾಗೇ ಕೇಳಿದಳು, ನನಗೆ ಮೊದಲು ನಗು ಬಂತು. ಅಜ್ಜಿ ಕೆಟಲ್ ಹಿಡಿದು ಕಾಯುತ್ತಲೇ ಇದ್ದಳು. "ಬಂದೆ ಅಮ್ಮಾ," ಎಂದ ಮೇಲೆಯೇ ಚಹಾ ಬಗ್ಗಿಸಿದಳು.